ಓಡುವ ಕಾಲು ಸಾಕೇ? ಹಿಮಾಲಯದ ಕಠಿಣ ಚಾರಣಕ್ಕೆ ಮುನ್ನ ದೇಹ, ದಾರಿ, ತಂಡವನ್ನು ಅಳೆಯುವ ಬಗೆ

"10 ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡ್ತೀನಿ. ಪಿನ್ ಪಾರ್ವತಿಗೆ ಸಾಕಾಗುತ್ತಾ?" ಬೇಸಿಗೆ ಹತ್ತಿರವಾದಂತೆ ಬೆಂಗಳೂರು, ಮೈಸೂರಿನ ಚಾರಣಪ್ರಿಯರ ನಡುವೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಕೇಳಿಬರುತ್ತದೆ. ಹೂಂ ಅಂದರೂ ತಪ್ಪಾಗುತ್ತದೆ, ಊಹೂಂ ಅಂದರೂ ತಪ್ಪಾಗುತ್ತದೆ. ಓಟದ ಲೆಕ್ಕ ಹೇಳುವುದು ಹೃದಯದ ಮತ್ತು ಕಾಲಿನ ದಮ್ಮನ್ನು ಮಾತ್ರ. ಹಿಮಾಚಲದ ಕುಲ್ಲು ಕಡೆಯ ಪಾರ್ವತಿ ಕಣಿವೆಯಿಂದ ಸ್ಪಿತಿಯ ಪಿನ್ ಕಣಿವೆಗೆ ದಾಟಿಸುವ 5,319 ಮೀಟರ್ ಎತ್ತರದ ಆ ಪಾಸ್, ಅಂದರೆ ಬೆಟ್ಟಸಾಲು ದಾಟುವ ದಾರಿ, ಇನ್ನೂ ಮೂರು ಪ್ರಶ್ನೆ ಕೇಳುತ್ತದೆ. ತೆಳುಗಾಳಿಗೆ ನಿಮ್ಮ ಮೈ ಒಗ್ಗಿಕೊಳ್ಳುತ್ತದೆಯೇ? ಹವೆ ಕೆಟ್ಟ ದಿನ ಮೈಬಿಸಿ ಉಳಿಸಿಕೊಳ್ಳಬಲ್ಲಿರಾ? ಒಬ್ಬರು ಕಾಯಿಲೆ ಬಿದ್ದರೆ ಆ ಜಾಗದಿಂದ ಕೆಳಗಿಳಿಸಲು ದಾರಿ, ಜನ, ಸಮಯ ಮೂರೂ ಇವೆಯೇ?

ಇದು ಕರ್ನಾಟಕದವರಿಗೆ ದೂರದ ವಿಷಯವಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರ ತಾಲ್ ಸರೋವರಕ್ಕೆ ಹೋಗಿದ್ದ 22 ಜನರ ತಂಡ ಹಿಂತಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಹೆಚ್ಚಿನವರು ನಮ್ಮ ರಾಜ್ಯದವರು. 9 ಮಂದಿ ತೀರಿಕೊಂಡರು. ಉಳಿದ 13 ಮಂದಿಯನ್ನು ವಾಯುಪಡೆಯ ಹೆಲಿಕಾಪ್ಟರ್‌ಗಳು ಮತ್ತು ರಾಜ್ಯ ವಿಪತ್ತು ಪಡೆಯವರು ಸೇರಿ ಕೆಳಗಿಳಿಸಿದರು. ಹೋದವರಲ್ಲಿ ಹಲವರು ಹಿಮಾಲಯ ಕಂಡವರೇ, ನಡೆಯಲು ಬಾರದವರಲ್ಲ. ಸರೋವರ ಇರುವುದು 4,000 ಮೀಟರಿಗೂ ಮೇಲೆ. ಸಂಜೆಯೊಳಗೆ ಹವೆ ತಿರುಗಿತು, ದಾರಿ ಕಾಣದಾಯಿತು, ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು, ಸುದ್ದಿ ಕೆಳಗೆ ಮುಟ್ಟುವಷ್ಟರಲ್ಲಿ ಮರುದಿನವಾಗಿತ್ತು. ದೂರದಲ್ಲಿ ಕುಳಿತು ಆ ತಂಡದ ತಪ್ಪು ಒಪ್ಪು ಎಣಿಸುವ ಹಕ್ಕು ನನಗಿಲ್ಲ. ಆದರೆ ಆ ವಾರದ ನಂತರ ಯಾರು "ಫಿಟ್ ಇದ್ದೀನಾ" ಎಂದು ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ಎಲ್ಲವೂ ಸರಿಯಿರುವ ದಿನಕ್ಕೆ ಲೆಕ್ಕ ಹಾಕಿದ್ದೀರಾ, ಎಲ್ಲವೂ ಕೆಟ್ಟ ದಿನಕ್ಕೆ ಹಾಕಿದ್ದೀರಾ?

ಮೇಲೆ ಹೋದಂತೆ ಕರಗುವ ದಮ್ಮು

ಗಾಳಿಯಲ್ಲಿ ಆಮ್ಲಜನಕದ ಪಾಲು ಸಮುದ್ರತೀರದಲ್ಲೂ ಹಿಮಾಲಯದಲ್ಲೂ ಒಂದೇ, ಸುಮಾರು ಶೇಕಡ 21. ಎತ್ತರದಲ್ಲಿ ಕುಸಿಯುವುದು ಗಾಳಿಯ ಒತ್ತಡ. ಮಂಗಳೂರಿನಲ್ಲಿ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್ ಇರುವ ಒತ್ತಡ 5,300 ಮೀಟರಿಗೆ ಬಂದಾಗ ಅರ್ಧಕ್ಕಿಂತ ತುಸು ಮೇಲಿರುತ್ತದೆ, ಅಷ್ಟೆ. ಅಂದರೆ ಅದೇ ಒಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕ ಹೆಚ್ಚುಕಮ್ಮಿ ಅರ್ಧ.

ಇದು ಕಾಲಿನ ಶಕ್ತಿಯನ್ನು ಹೇಗೆ ಕಚ್ಚುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಈಗ ಸ್ಮಾರ್ಟ್‌ವಾಚ್ ಕಟ್ಟಿದವರೆಲ್ಲ 'ವಿಒ-2 ಮ್ಯಾಕ್ಸ್' ಎಂಬ ಅಂಕಿ ನೋಡಿರುತ್ತಾರೆ. ದೇಹ ತನ್ನ ಗರಿಷ್ಠ ದುಡಿಮೆಯಲ್ಲಿ ಕಿಲೋ ತೂಕಕ್ಕೆ, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಅದು. ವಾಚಿನದು ಅಂದಾಜು, ನಿಜ. ಆದರೂ ತಕ್ಕಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. 1,500 ಮೀಟರ್ ದಾಟಿದ ಮೇಲೆ ಪ್ರತಿ ಸಾವಿರ ಮೀಟರಿಗೆ ಈ ಅಂಕಿ ಸುಮಾರು ಶೇಕಡ 10ರಂತೆ ಇಳಿಯುತ್ತದೆ. ಊರಿನಲ್ಲಿ 40 ಇದ್ದವರಿಗೆ 4,500 ಮೀಟರಿನಲ್ಲಿ 28 ಉಳಿಯುತ್ತದೆ, 5,300ರಲ್ಲಿ 25. ಬೆನ್ನುಚೀಲ ಹೊತ್ತು, ಗಂಟೆಗೆ 300-400 ಮೀಟರ್ ಎತ್ತರ ಗಳಿಸುವ ನಡಿಗೆಗೆ 20ರ ಆಸುಪಾಸು ಬೇಕು. ಊರಿನಲ್ಲಿ ಅರ್ಧ ಶಕ್ತಿಯಲ್ಲಿ ಮಾಡುವ ಕೆಲಸಕ್ಕೆ ಪಾಸಿನ ಬುಡದಲ್ಲಿ ಮುಕ್ಕಾಲಿಗೂ ಹೆಚ್ಚು ಹೋಯಿತು. ಇನ್ನು 30 ಇಟ್ಟುಕೊಂಡು ಹೊರಟವರಿಗೆ 5,300 ಮೀಟರಿನಲ್ಲಿ ಉಳಿಯುವುದು 19 ಮಾತ್ರ. ಅವರು ಪಾಸ್ ಏರುವುದೇ ಇಲ್ಲವೆಂದಲ್ಲ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಏರುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಮೇಲಿರಬೇಕಾದವರು ಮಧ್ಯಾಹ್ನ ಒಂದಕ್ಕೆ ಅಲ್ಲಿರುತ್ತಾರೆ. ಮೋಡ ಕಟ್ಟುವ ಹೊತ್ತು ಅದೇ. ಫಿಟ್‌ನೆಸ್ ಜೀವ ಉಳಿಸುವ ಬಗೆ ಇದು: ಅಪಾಯದ ಜಾಗದಲ್ಲಿ ನೀವು ಕಳೆಯುವ ಸಮಯವನ್ನು ಅದು ಕಡಿಮೆ ಮಾಡುತ್ತದೆ.

ಹಾಗಾಗಿ ಓಟದ ಗುರಿ ಇಟ್ಟುಕೊಳ್ಳುವುದು ಒಳ್ಳೆಯದೇ. 5 ಕಿ.ಮೀ. 35 ನಿಮಿಷದೊಳಗೆ ಬಂದರೆ ಸಾಧಾರಣ ಚಾರಣಕ್ಕೆ ಆಯಿತು. ಕಠಿಣ ಪಾಸ್‌ಗಳಿಗೆ 10 ಕಿ.ಮೀ. ಒಂದು ಗಂಟೆಯ ಆಚೀಚೆ ಬರಲಿ. ಆದರೆ ಓಟಕ್ಕಿಂತ ನಾನು ನಂಬುವ ಪರೀಕ್ಷೆ ಬೆಟ್ಟದ್ದು. ನಮ್ಮಲ್ಲೇ ಕುಮಾರ ಪರ್ವತ ಇದೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ ದಾಟಿ 1,712 ಮೀಟರಿನ ತುದಿಗೆ ಹೋದರೆ ಒಟ್ಟು ಏರು ಸುಮಾರು 1,600 ಮೀಟರ್. ಹಿಮಾಲಯದಲ್ಲಿ ಒಂದೇ ದಿನ ಇಷ್ಟು ಏರು ಬರುವುದು ಅಪರೂಪ. ಅರಣ್ಯ ಇಲಾಖೆಯ ಅನುಮತಿ ಮಾಡಿಸಿ, 8-10 ಕಿಲೋ ಚೀಲ ಹೊತ್ತು ಹೋಗಿ ಬನ್ನಿ. ತುದಿ ಮುಟ್ಟಿದಿರೋ ಇಲ್ಲವೋ ಎನ್ನುವುದಕ್ಕಿಂತ ಮರುದಿನ ಬೆಳಿಗ್ಗೆ ಹೇಗಿದ್ದೀರಿ ಎಂಬುದು ಮುಖ್ಯ. ಹಾಸಿಗೆಯಿಂದೆದ್ದು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತೇ? ಹಾಗಿದ್ದರೆ ತೊಡೆಯ ಸ್ನಾಯುಗಳು ಇಳಿಜಾರಿಗೆ ಸಿದ್ಧವಾಗಿಲ್ಲ. ಅದೇ ದಿನ ಇನ್ನೊಂದು ಮೂರು ಗಂಟೆ ನಡೆಯಬಲ್ಲೆ ಎನಿಸಿದರೆ ಒಳ್ಳೆಯ ಸೂಚನೆ. ಕಠಿಣ ಚಾರಣ ಎಂಟೋ ಹತ್ತೋ ದಿನ ಬಿಡದೆ ನಡೆಯುತ್ತದೆ, ಅಲ್ಲಿ ಭಾನುವಾರದ ವಿಶ್ರಾಂತಿ ಇಲ್ಲ.

ಇಳಿಯುವುದನ್ನು ಅಭ್ಯಾಸ ಮಾಡದೆ ಹೋಗುವವರೇ ಹೆಚ್ಚು. ಟ್ರೆಡ್‌ಮಿಲ್ ಮೇಲೆ ಇಳಿಜಾರು ಇರುವುದಿಲ್ಲ, ಅಪಾರ್ಟ್‌ಮೆಂಟಿನಲ್ಲಿ ಹತ್ತು ಮಹಡಿ ಹತ್ತಿದವರು ಲಿಫ್ಟಿನಲ್ಲಿ ಇಳಿಯುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ನಂದಿಯ ಸುಲ್ತಾನಪೇಟೆ ಕಡೆಯ ಮೆಟ್ಟಿಲು, ಇಂಥಲ್ಲಿ ಚೀಲ ಹೊತ್ತು ಇಳಿದಷ್ಟೂ ಮೊಣಕಾಲು ಗಟ್ಟಿಯಾಗುತ್ತದೆ. ಪರ್ವತದಲ್ಲಿ ಕಾಲು ಜಾರುವುದು ಹೆಚ್ಚಾಗಿ ಸುಸ್ತಾದ ಕಾಲು, ಇಳಿಯುವ ದಾರಿಯಲ್ಲಿ, ದಿನದ ಕೊನೆಗೆ.

ಈ ತಯಾರಿಗೆ ಕನಿಷ್ಠ ನಾಲ್ಕು ತಿಂಗಳು ಬೇಕು. ಹೊರಡುವ ಮುಂಚಿನ ಮೂರು ವಾರ ಜಿಮ್‌ನಲ್ಲಿ ಮೈ ಮುರಿದುಕೊಂಡವರು ದಣಿದ ದೇಹವನ್ನೇ ಪರ್ವತಕ್ಕೆ ಒಯ್ಯುತ್ತಾರೆ.

ಗಟ್ಟಿಮುಟ್ಟಾದವರಿಗೂ ಬರುವ ಕಾಯಿಲೆ

ಇಲ್ಲಿಂದ ಮುಂದೆ ಓಟದ ಲೆಕ್ಕ ನಡೆಯುವುದಿಲ್ಲ. ಎತ್ತರದ ಕಾಯಿಲೆ ಫಿಟ್ ಇದ್ದವರನ್ನು ಬಿಡುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ, ಅದು ಸುಳ್ಳು. ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ದೇಶದ್ದೇ. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ಅವಸರದಲ್ಲಿ ಹಿಮಾಲಯಕ್ಕೆ ಕಳಿಸಬೇಕಾಯಿತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 11,000ದಿಂದ 18,000 ಅಡಿ ಎತ್ತರದಲ್ಲಿ ಕಾಯಿಲೆ ಬಿದ್ದ 1,925 ಸೈನಿಕರ ವಿವರಗಳನ್ನು 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಜಗತ್ತಿನ ಪರ್ವತ ವೈದ್ಯರು ಇಂದಿಗೂ ಅದನ್ನು ನೆನೆಯುತ್ತಾರೆ. ಅವರೆಲ್ಲ ಪಳಗಿದ ಸೈನಿಕರು. ಕವಾಯತು ಮಾಡಿದ ಮೈ ಅವರನ್ನು ಕಾಯಲಿಲ್ಲ.

ಏಕೆಂದರೆ ಒಗ್ಗಿಕೊಳ್ಳುವುದು ಸ್ನಾಯುಗಳ ಕೆಲಸವಲ್ಲ. ಆಮ್ಲಜನಕ ಕಡಿಮೆಯಾದ ಕೂಡಲೇ ಉಸಿರಾಟ ಹೆಚ್ಚುತ್ತದೆ, ಅದರಿಂದ ರಕ್ತದ ಆಮ್ಲ-ಕ್ಷಾರದ ಸಮತೋಲ ತಪ್ಪುತ್ತದೆ, ಅದನ್ನು ಮೂತ್ರಪಿಂಡಗಳು ನಿಧಾನವಾಗಿ ಸರಿಪಡಿಸುತ್ತವೆ. ಇದಕ್ಕೆ ದಿನಗಳು ಬೇಕು, ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ಈ ಗಡಿಯಾರ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಓಡುತ್ತದೆ. ಫಿಟ್ ಇದ್ದವರಿಗೆ ಇರುವ ಹೆಚ್ಚಿನ ಅಪಾಯ ಇದೇ: ಅವರ ಕಾಲು ಅವರ ಮೂತ್ರಪಿಂಡಗಳಿಗಿಂತ ಬೇಗ ಮೇಲೆ ಹೋಗಿಬಿಡುತ್ತದೆ. ಕರ್ನಾಟಕದಲ್ಲಿ ಇದನ್ನು ಅಭ್ಯಾಸ ಮಾಡುವ ಜಾಗವೂ ಇಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಕಳೆದ ವರ್ಷ ಲಡಾಖಿಗೆ ಹೋಗಿಬಂದದ್ದು ಈ ವರ್ಷಕ್ಕೆ ಜಮೆಯಾಗುವುದಿಲ್ಲ, ಊರಿಗೆ ಮರಳಿದ ಕೆಲವು ವಾರಗಳಲ್ಲೇ ಆ ಒಗ್ಗಿಕೆ ಕರಗುತ್ತದೆ. ಆದರೆ ಕಳೆದ ಬಾರಿ ಮೇಲೆ ಕಾಯಿಲೆ ಬಿದ್ದಿದ್ದರೆ, ಅದೇ ವೇಗದಲ್ಲಿ ಏರಿದರೆ ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಹಳೆಯ ಅನುಭವದಲ್ಲಿ ಇದೊಂದು ಅಂಶ ನಿಜಕ್ಕೂ ಮುಂದಿನದನ್ನು ಹೇಳುತ್ತದೆ.

ಆದ್ದರಿಂದ ಮೊದಲು ಪರೀಕ್ಷಿಸಬೇಕಾದದ್ದು ದಿನಚರಿಯ ಹಾಳೆ. ಅದರಲ್ಲಿ ರಾತ್ರಿ ಮಲಗುವ ಜಾಗಗಳ ಎತ್ತರ ಮಾತ್ರ ಬರೆದುಕೊಳ್ಳಿ, ಹಗಲಿನಲ್ಲಿ ಏರಿ ಇಳಿದದ್ದು ಬೇಡ. ಪರ್ವತ ವೈದ್ಯರು ಒಪ್ಪಿದ ನಿಯಮ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ಎಲ್ಲರಿಗೂ ಗೊತ್ತಿರುವ ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯನ್ನೇ ನೋಡಿ. ನಾಮ್ಚೆ 3,440, ಅಲ್ಲಿ ಎರಡು ರಾತ್ರಿ. ಟೆಂಗ್ಬೊಚೆ 3,860. ಡಿಂಗ್ಬೊಚೆ 4,410, ಅಲ್ಲಿ ಮತ್ತೆ ಎರಡು ರಾತ್ರಿ. ಲೊಬುಚೆ 4,940. ಎರಡು ಕಡೆ ಜಿಗಿತ 500ನ್ನು ತುಸು ಮೀರಿದರೂ ವಿಶ್ರಾಂತಿಯ ರಾತ್ರಿಗಳು ಸರಿದೂಗಿಸುತ್ತವೆ. ರಜೆ ಸಾಲದೆಂದು ಆ ಎರಡು ರಾತ್ರಿಗಳನ್ನು ಕತ್ತರಿಸಿದ 'ಎಕ್ಸ್‌ಪ್ರೆಸ್' ಪ್ಯಾಕೇಜ್ ಕಂಡರೆ ಅದರ ಬೆಲೆ ಎಷ್ಟೇ ಇರಲಿ ಬಿಟ್ಟುಬಿಡಿ. ಪಿನ್ ಪಾರ್ವತಿಯನ್ನು ಸ್ಪಿತಿಯ ಮುದ್ ಹಳ್ಳಿಯ ಕಡೆಯಿಂದ ಹತ್ತುವವರಿಗೂ ಇದೇ ಎಚ್ಚರಿಕೆ. ಆ ಕಡೆ ಚಾರಣ ಶುರುವಾಗುವುದೇ ಹೆಚ್ಚು ಎತ್ತರದಲ್ಲಿ, ಮೈ ಒಗ್ಗಲು ಮೊದಲೇ ಸ್ಪಿತಿಯಲ್ಲಿ ಕೆಲವು ದಿನ ಕಳೆದಿರಬೇಕು.

ಸಂಜೆ ಡೇರೆಯಲ್ಲಿ ಮಾಡುವ ತಪಾಸಣೆ

ಕಾಯಿಲೆಯ ಮೊದಲ ರೂಪ ಎಷ್ಟು ಸಾಮಾನ್ಯವೆಂದರೆ ಜನ ಅದನ್ನು ಬಿಸಿಲಿಗೋ ನಿದ್ದೆಗೆಟ್ಟಿದ್ದಕ್ಕೋ ಹೊರಿಸುತ್ತಾರೆ. ತಲೆನೋವು, ಊಟ ಸೇರದಿರುವುದು ಅಥವಾ ವಾಂತಿ, ಅತಿಯಾದ ಸುಸ್ತು, ತಲೆಸುತ್ತು. ಲೇಕ್ ಲೂಯಿಸ್ ಅಳತೆ ಎಂಬ ಪದ್ಧತಿಯಲ್ಲಿ ಈ ನಾಲ್ಕಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ತಲೆನೋವು ಇದ್ದು ಒಟ್ಟು 3 ಅಥವಾ ಹೆಚ್ಚಾದರೆ ಅದು ಎತ್ತರದ ಕಾಯಿಲೆ ಎಂದೇ ಲೆಕ್ಕ, ಬೇರೆ ಕಾರಣ ಸಾಬೀತಾಗುವ ತನಕ. ಹಾಗಾದಾಗ ಮೇಲೆ ಹೋಗಬಾರದು. ಅಲ್ಲೇ ಉಳಿದು ವಾಸಿಯಾದರೆ ಮುಂದೆ, ಹೆಚ್ಚಾದರೆ ಕೆಳಗೆ.

ಒಳ್ಳೆಯ ತಂಡದಲ್ಲಿ ಇದು ದಿನವೂ ಸಂಜೆ, ಊಟಕ್ಕೆ ಮುಂಚೆ, ಎಲ್ಲರಿಗೂ ನಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಶೇಕಡ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಹಾಕುತ್ತಾರೆ. ಇಲ್ಲಿ ಒಂದು ಸಣ್ಣ ವಿಷಯಕ್ಕೆ ಗಮನ ಬೇಕು. ಹೊರಗಿನ ಚಳಿಯಿಂದ ಬಂದ ತಣ್ಣನೆ ಬೆರಳಿಗೆ ಹಾಕಿದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಕಿ ಕುಣಿಯುವುದು ನಿಂತ ಮೇಲೆ ಬರೆದುಕೊಳ್ಳಬೇಕು. ಉಗುರುಬಣ್ಣ, ಮೆಹೆಂದಿ ಇದ್ದರೂ ತಪ್ಪಾಗಬಹುದು. 4,500 ಮೀಟರಿನಲ್ಲಿ 80ರ ಆಚೀಚೆ ಬರುವುದು ಆರೋಗ್ಯವಂತರಲ್ಲೂ ಸಾಮಾನ್ಯ, ಊರಿನ 98 ಅಲ್ಲಿ ಯಾರಿಗೂ ಸಿಗದು. ಒಂದು ಅಂಕಿಯನ್ನು ನೋಡಿ ಹೆದರುವುದೂ ಬೇಡ, ನೆಮ್ಮದಿಪಡುವುದೂ ಬೇಡ. ನಿನ್ನೆಗಿಂತ ಎಷ್ಟು ಇಳಿಯಿತು, ಜೊತೆಯವರಿಗಿಂತ ಎಷ್ಟು ಕಡಿಮೆ, ಮನುಷ್ಯ ನೋಡಲು ಹೇಗಿದ್ದಾನೆ, ಈ ಮೂರನ್ನೂ ಸೇರಿಸಿ ಓದಬೇಕು.

ಇನ್ನೊಂದು ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಡೇರೆಯ ಹೊರಗೆ ಸಮತಟ್ಟು ಜಾಗದಲ್ಲಿ ವಾಕಿಂಗ್ ಪೋಲ್‌ನಿಂದ ಹತ್ತು ಹೆಜ್ಜೆಯಷ್ಟು ಉದ್ದದ ಗೆರೆ ಎಳೆಯಿರಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ಗೆರೆಯ ಮೇಲೆ ನಡೆಸಿ, ತಿರುಗಿಸಿ, ವಾಪಸ್ ನಡೆಸಿ. ತೂರಾಡಿದರೆ, ಗೆರೆ ತಪ್ಪಿದರೆ, ಪಕ್ಕದವರನ್ನು ಹಿಡಿದುಕೊಂಡರೆ ಮಿದುಳಿಗೆ ಊತ ಬಂದಿರಬಹುದು. ಅದು ಬೆಳಗಾಗುವ ತನಕ ಕಾಯುವ ಕಾಯಿಲೆಯಲ್ಲ. ಅದೇ ರೀತಿ, ಸುಮ್ಮನೆ ಕೂತಾಗಲೂ ಏದುಸಿರು, ನಿಲ್ಲದ ಕೆಮ್ಮು, ತುಟಿ ನೀಲಿಯಾಗುವುದು, ನಿನ್ನೆ ಮುಂದೆ ನಡೆದವರು ಇಂದು ಕಾರಣವಿಲ್ಲದೆ ಕೊನೆಗೆ ಬೀಳುವುದು, ಇವು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ಹೊಸ ಎತ್ತರದ ಎರಡನೇ ರಾತ್ರಿಯ ಸುಮಾರಿಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಎರಡಕ್ಕೂ ಮದ್ದು ಇಳಿಯುವುದು, ಕನಿಷ್ಠ 300ರಿಂದ 1,000 ಮೀಟರ್. ಆಮ್ಲಜನಕ ಮತ್ತು ಔಷಧಿ ಇಳಿಯಲು ಸಮಯ ಕೊಡುತ್ತವೆ, ಇಳಿಯುವುದರ ಬದಲಿಗೆ ಬರುವುದಿಲ್ಲ. ಈ ತಪಾಸಣೆಯಲ್ಲಿ ಹೊರೆಯಾಳುಗಳನ್ನೂ ಸೇರಿಸಿಕೊಳ್ಳಬೇಕು. ಕೂಲಿ ತಪ್ಪುತ್ತದೆಂದು ಅವರು ಬಾಯಿಬಿಡದೆ ಇರಬಹುದು, ಅವರ ಶ್ವಾಸಕೋಶವೂ ನಮ್ಮದರಂಥದ್ದೇ.

ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಎರಡು ಮಾತು. ಮೂತ್ರಪಿಂಡಗಳು ಮಾಡುತ್ತವೆಂದು ಹಿಂದೆ ಹೇಳಿದ ಕೆಲಸವನ್ನೇ ಅದು ಚುರುಕು ಮಾಡುತ್ತದೆ, ಲಕ್ಷಣ ಮುಚ್ಚಿಡುವುದಿಲ್ಲ. ತಡೆಯಲೆಂದು ದೊಡ್ಡವರು ತೆಗೆದುಕೊಳ್ಳುವ ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧಿ ಒಗ್ಗದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದ್ದೇ ಇರುತ್ತದೆ, ಹಾಗಾಗಿ ಊರಿನಲ್ಲೇ ಒಮ್ಮೆ ವೈದ್ಯರ ಸಲಹೆಯಂತೆ ನುಂಗಿ ನೋಡುವುದು ಜಾಣತನ. ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಔಷಧಿ ಬೇರೆ ಜಾತಿಯದು. ಅದು ಲಕ್ಷಣಗಳನ್ನು ಅಡಗಿಸುತ್ತದೆ, ಅದನ್ನು ನುಂಗಿ ಮೇಲೆ ಹೋಗುವುದು ಅಪಾಯ. ಇಳಿಸಲೆಂದು ಮಾತ್ರ ಪೆಟ್ಟಿಗೆಯಲ್ಲಿರಬೇಕು.

ವೈದ್ಯರ ಸಹಿಯ ಹಿಂದೆ

ಬಹುತೇಕ ಆಯೋಜಕರು ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ಬಿಪಿ ಪಟ್ಟಿಯನ್ನೂ ಸುತ್ತದೆ ಆ ಹಾಳೆಗೆ ಸಹಿ ಬೀಳುವುದು ನಮ್ಮಲ್ಲಿ ಅಪರೂಪವಲ್ಲ. ಅದು ನಿಮ್ಮ ಜೀವದ ಹಾಳೆ, ದಯವಿಟ್ಟು ಅದನ್ನು ಹಾಗೆ ತುಂಬಿಸಬೇಡಿ. 40 ದಾಟಿದವರು, ಬಿಪಿ-ಸಕ್ಕರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರು ಇರುವವರು ಹೃದಯ ವೈದ್ಯರನ್ನು ಕಂಡು, ಅಗತ್ಯವೆಂದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಳ್ಳಬೇಕು. ಚೆನ್ನಾಗಿ ಓಡಿ ನಿಂತ ಒಂದು ನಿಮಿಷದಲ್ಲಿ ನಾಡಿಬಡಿತ 12ರಷ್ಟೂ ಇಳಿಯದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಒತ್ತಿ ಹೇಳಬೇಕು: ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ಆಮ್ಲಜನಕ ಹೊರುವ ಕಣಗಳೇ ಕಡಿಮೆ ಇರುವಾಗ ಆಮ್ಲಜನಕವೇ ಕಡಿಮೆ ಇರುವ ಜಾಗಕ್ಕೆ ಹೋದರೆ ಹೊಡೆತ ಎರಡು ಕಡೆಯಿಂದ ಬೀಳುತ್ತದೆ. "ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಹೆಚ್ಚುತ್ತಿಲ್ಲ" ಎನ್ನುವವರು ಅಭ್ಯಾಸ ಹೆಚ್ಚಿಸುವ ಮುಂಚೆ ರಕ್ತ ಪರೀಕ್ಷೆ ಮಾಡಿಸಲಿ. ಕಬ್ಬಿಣಾಂಶ ತುಂಬಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ, ಹೊರಡುವ ವಾರ ಗೊತ್ತಾದರೆ ಏನೂ ಮಾಡಲಾಗದು. ಇನ್ಸುಲಿನ್ ತೆಗೆದುಕೊಳ್ಳುವವರು ಅದು ಹೆಪ್ಪುಗಟ್ಟಿದರೆ ಕೆಡುತ್ತದೆ ಎಂಬುದನ್ನು ನೆನಪಿಟ್ಟು ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಉಬ್ಬಸ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಗರ್ಭಿಣಿಯಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಪರ್ವತ ವೈದ್ಯಕೀಯ ತಿಳಿದವರ ಜೊತೆ ಮಾತಾಡದೆ ಮುಂಗಡ ಕಟ್ಟಬೇಡಿ.

ಒದ್ದೆ ಮತ್ತು ಗಾಳಿ

ನಮ್ಮ ಕಡೆಯವರಿಗೆ ಹಿಮದ ಭಯ ಇರುತ್ತದೆ, ಮಳೆಯ ಭಯ ಇರುವುದಿಲ್ಲ. ಮಲೆನಾಡಿನ ಮಳೆಯಲ್ಲಿ ನೆನೆದು ನಡೆದ ಅಭ್ಯಾಸ ಪರ್ವತದಲ್ಲಿ ಮೋಸ ಮಾಡುತ್ತದೆ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಡೆಹ್ರಾಡೂನಿನಲ್ಲಿ 35 ಡಿಗ್ರಿ ಇದ್ದ ಮಧ್ಯಾಹ್ನ, ಅಲ್ಲಿಂದ 4,000 ಮೀಟರ್ ಮೇಲೆ 9 ಡಿಗ್ರಿ. ಮೋಡ ಮುಚ್ಚಿ ಆಲಿಕಲ್ಲು ಶುರುವಾದರೆ ಸೊನ್ನೆಗೆ ಹತ್ತಿರ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 8ರಂತೆ. ಬಟ್ಟೆ ಒದ್ದೆಯಾಗಿದ್ದರೆ ಮೈಬಿಸಿ ಇನ್ನೂ ಬೇಗ ಸೋರುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ನಡುಕ, ಆಮೇಲೆ ಕೈಯಿಂದ ವಸ್ತು ಜಾರುವುದು, ಕಾಲು ಎಡವುವುದು, ಮಾತು ತೊದಲುವುದು, ಮುನಿಸಿಕೊಂಡು ಒಬ್ಬರೇ ಕೂರುವುದು. ನಡುಗುತ್ತಿದ್ದವರು ಇದ್ದಕ್ಕಿದ್ದಂತೆ ನಡುಗುವುದು ನಿಲ್ಲಿಸಿದರೆ ಅದು ಸುಧಾರಣೆಯಲ್ಲ, ಬಹಳ ಕೆಟ್ಟ ಸೂಚನೆ.

ಇದಕ್ಕೆ ಸಿದ್ಧತೆ ಚೀಲದಲ್ಲಿ ಕಾಣಬೇಕು. ಹತ್ತಿ ಬನಿಯನ್, ಜೀನ್ಸ್ ಮನೆಯಲ್ಲೇ ಇರಲಿ. ಗಾಳಿ, ನೀರು ಎರಡನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟ್ ಬೇಕು, ಬೈಕಿಗೆ ಹಾಕುವ ರೇನ್‌ಕೋಟ್ ಸಾಲದು, ಪೊಂಚೊ ಗಾಳಿಗೆ ತಲೆಯ ಮೇಲೆ ಹಾರುತ್ತದೆ. ಒಂದು ಜೊತೆ ಒಳ ಉಡುಪು, ಸಾಕ್ಸ್, ಕೈಗವಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ನೀವೇ ಹೊರುವ ಚೀಲದ ತಳದಲ್ಲಿಡಿ. ಪಾಸ್ ದಾಟುವ ದಿನ ಹೇಸರಗತ್ತೆಯ ಮೇಲಿನ ಸಾಮಾನು ನಿಮ್ಮಿಂದ ಎರಡು ಗಂಟೆ ದೂರದಲ್ಲಿರಬಹುದು. ತಲೆದೀಪ, ತಿನ್ನಲು ಏನಾದರೂ, ಇಬ್ಬರು ನುಸುಳಬಹುದಾದ ಎಮರ್ಜೆನ್ಸಿ ಚೀಲ ಕೂಡ ಅಲ್ಲೇ ಇರಬೇಕು. ಒಂದು ರಾತ್ರಿ ಬಯಲಿನಲ್ಲಿ ಉಳಿಯಬೇಕಾಗಿ ಬಂದರೆ ಕೈಗೆ ಸಿಗುವುದು ಅಷ್ಟೇ.

ಆಯೋಜಕರನ್ನು ಕೇಳಬೇಕಾದ ಮಾತು

ನಾನು ಅತಿ ಹೆಚ್ಚು ತೂಕ ಕೊಡುವ ಭಾಗ ಇದು, ಜನ ಅತಿ ಕಡಿಮೆ ಸಮಯ ಕೊಡುವ ಭಾಗವೂ ಇದೇ. ಫೋನ್ ಮಾಡಿ "ಸೇಫ್ಟಿ ಹೇಗೆ?" ಎಂದು ಕೇಳಿದರೆ "ಹಂಡ್ರೆಡ್ ಪರ್ಸೆಂಟ್ ಸರ್" ಎಂಬ ಉತ್ತರ ಬರುತ್ತದೆ. ಜಾಗದ ಹೆಸರು ಹಿಡಿದು ಕೇಳಿ. "ಮಂತಲೈ ಸರೋವರದ ಬಳಿ ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ಉಸಿರಾಟ ಕಷ್ಟವಾದರೆ ಏನು ಮಾಡ್ತೀರಿ?"

ಆ ಪ್ರಶ್ನೆಯ ಹಿಂದೆ ಭೂಗೋಳ ಇದೆ. ಪಾರ್ವತಿ ಕಣಿವೆಯಲ್ಲಿ ಬರ್ಶೈಣಿಯಿಂದ ಹೊರಟು ಖೀರಗಂಗಾ, ತುಂಡಾಭುಜ್, ಠಾಕುರ್ ಕುಆನ್, ಓಡಿ ಥಾಚ್ ದಾಟಿ 4,000 ಮೀಟರ್ ಮೀರಿದ ಮಂತಲೈಗೆ ಬರುವಷ್ಟರಲ್ಲಿ ನಾಲ್ಕೈದು ದಿನ ಆಗಿರುತ್ತದೆ. ಕಣಿವೆಯ ಮೇಲ್ಭಾಗ ಉದ್ದಕ್ಕೆ, ನಿಧಾನವಾಗಿ ಇಳಿಯುತ್ತದೆ. ಹಾಗಾಗಿ 500 ಮೀಟರ್ ಕೆಳಗಿಳಿಸಬೇಕೆಂದರೆ ಹತ್ತಿರ ಹತ್ತಿರ ಒಂದು ದಿನದ ನಡಿಗೆ. ನಡುವೆ ಪಾಂಡು ಪೂಲ್, ನದಿಯ ಮೇಲೆ ಬಿದ್ದ ದೈತ್ಯ ಬಂಡೆಗಳ ಸೇತುವೆ. ಅದರ ಮೇಲೆ ಸ್ಟ್ರೆಚರ್ ದಾಟಿಸಲು ಎಷ್ಟು ಜನ ಬೇಕು ಎಂದು ಯೋಚಿಸಿ. ಪಾಸ್ ದಾಟಿ ಮುದ್ ಕಡೆಗೆ ಹೋಗೋಣವೆಂದರೆ ಇನ್ನೂ ಸಾವಿರ ಮೀಟರಿಗೂ ಹೆಚ್ಚು ಮೇಲೇರಿ, ಬಿರುಕುಗಳಿರುವ ಹಿಮನದಿ ದಾಟಬೇಕು. ಎವರೆಸ್ಟ್ ಬೇಸ್ ಕ್ಯಾಂಪ್ ದಾರಿ ಇದೇ ಎತ್ತರದ್ದಾದರೂ ಅಲ್ಲಿ ದಾರಿಯುದ್ದಕ್ಕೂ ಲಾಡ್ಜ್‌ಗಳಿವೆ, ಫೆರಿಚೆಯಲ್ಲಿ 1973ರಿಂದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಕೇಂದ್ರ ಇದೆ, ಹವೆ ತಿಳಿಯಾಗಿದ್ದರೆ ಹೆಲಿಕಾಪ್ಟರ್ ಬರುತ್ತದೆ. ಒಂದೇ ಎತ್ತರ, ಒಂದೇ ಫಿಟ್‌ನೆಸ್, ಅಪಾಯ ಮಾತ್ರ ಬೇರೆ.

ಉತ್ತರ ಕೊಡುವವರು ಈ ಜಾಗಗಳ ಹೆಸರು ಹಿಡಿದೇ ಮಾತಾಡಿದರೆ ನಂಬಿಕೆ ಹುಟ್ಟುತ್ತದೆ. ಆಮ್ಲಜನಕದ ಸಿಲಿಂಡರ್ ಎಷ್ಟು, ಎಷ್ಟು ಗಂಟೆ ಬರುತ್ತದೆ, ಯಾರ ಬೆನ್ನ ಮೇಲಿರುತ್ತದೆ? ಕಾಯಿಲೆಯವರನ್ನು ಒಳಗೆ ಮಲಗಿಸಿ ಗಾಳಿ ತುಂಬುವ ಒತ್ತಡದ ಚೀಲ, ಸ್ಟ್ರೆಚರ್, ಹಗ್ಗ ಇವೆಯೇ? ಗೈಡ್ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲೋ ಮನಾಲಿಯಲ್ಲೋ ತರಬೇತಿ ಪಡೆದವರೇ, ಪಾಸ್ ಇದೇ ತಿಂಗಳಿನಲ್ಲಿ ದಾಟಿದ್ದಾರೆಯೇ? ಹವೆ ಕೆಟ್ಟರೆ ಕಾಯಲು ಒಂದೆರಡು ಹೆಚ್ಚುವರಿ ದಿನ ಮತ್ತು ಅದಕ್ಕೆ ಬೇಕಾದ ಅಡುಗೆ ಸಾಮಾನು ಲೆಕ್ಕದಲ್ಲಿದೆಯೇ? ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂತಿರುಗುವುದು ಎಂಬ ಕಟ್ಟುಪಾಡು ಇದೆಯೇ, ಆ ಮಾತಿನ ಮೇಲೆ ಕೊನೆಯ ಅಧಿಕಾರ ಯಾರದು? ಸಂಪರ್ಕದ ಪ್ರಶ್ನೆಯನ್ನಂತೂ ಬಿಡಬೇಡಿ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಬಳಸುವುದು ಅಪರಾಧ, ವಿದೇಶದಿಂದ ಬರುವ ಕನ್ನಡಿಗರು ಚೀಲದಲ್ಲಿ ಸ್ಯಾಟಲೈಟ್ ಸಂದೇಶ ಸಾಧನ ಹಾಕಿಕೊಂಡು ಬರುವ ಮುಂಚೆ ಇದನ್ನು ತಿಳಿದಿರಬೇಕು. ಆದ್ದರಿಂದ ಬಹಳಷ್ಟು ಕಣಿವೆಗಳಲ್ಲಿ ಸುದ್ದಿ ಮುಟ್ಟಿಸುವುದು ಇಂದಿಗೂ ಓಡಬಲ್ಲ ಒಬ್ಬ ಮನುಷ್ಯ. ಆ ಮನುಷ್ಯ ಹೋದ ಮೇಲೂ ಉಳಿದವರನ್ನು ನೋಡಿಕೊಳ್ಳಲು ಸಾಕಷ್ಟು ಗೈಡ್‌ಗಳಿರಬೇಕು.

ಇಷ್ಟೆಲ್ಲ ನೋಡಿದ ಮೇಲೆ "ಹೋಗಲೋ ಬೇಡವೋ" ಎಂಬುದಕ್ಕೆ ನನ್ನ ಅಭಿಪ್ರಾಯ ಖಚಿತವಾಗಿದೆ. ಮೊದಲ ಹಿಮಾಲಯ ಚಾರಣಕ್ಕೆ ಪಿನ್ ಪಾರ್ವತಿ ಬೇಡ, ನೀವು ಮ್ಯಾರಥಾನ್ ಓಡುವವರಾದರೂ ಬೇಡ. 3,800 ಮೀಟರಿನ ಕೇದಾರಕಂಠದಂಥದ್ದು ಒಂದು, ಆಮೇಲೆ 4,650 ಮೀಟರಿನ ರೂಪಿನ್ ಪಾಸ್‌ನಂಥದ್ದು ಒಂದು ಮಾಡಿ, ನಿಮ್ಮ ಮೈ ಎತ್ತರಕ್ಕೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕಂಡುಕೊಂಡು ಹೋಗಿ. ಹಿಮದ ಮೇಲೆ ನಡೆಯುವುದು, ಜಾರಿದರೆ ಐಸ್ ಆಕ್ಸ್‌ನಿಂದ ತಡೆದುಕೊಳ್ಳುವುದು ಕಲಿಯಬೇಕೆಂದರೆ ಪರ್ವತಾರೋಹಣ ಸಂಸ್ಥೆಗಳ ಬೇಸಿಕ್ ಕೋರ್ಸ್‌ಗೆ ಸಮನಾದದ್ದು ಇಲ್ಲ. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲೂ ವಿಚಾರಿಸಬಹುದು. ಹೊರಡುವ ವಾರದಲ್ಲಿ ಜ್ವರ, ಎದೆಯ ಸೋಂಕು ಬಂದರೆ ಕಟ್ಟಿದ ಹಣ ಹೋದರೂ ಬಿಡಬೇಕು. ಸೋಂಕಿರುವ ಶ್ವಾಸಕೋಶಕ್ಕೆ ಎತ್ತರದಲ್ಲಿ ಅಪಾಯ ಹೆಚ್ಚು. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ ಎಂಬ ಸಾಲನ್ನು ಹುಡುಕಿ ಓದಿ.

ಇನ್ನು ಮನೆಯವರ ಕೈಗೆ ಒಂದು ಹಾಳೆ ಕೊಟ್ಟು ಹೊರಡಿ. ಯಾವ ದಿನ ಯಾವ ಕ್ಯಾಂಪ್, ತಂಡದಲ್ಲಿ ಯಾರ್ಯಾರು, ಗೈಡ್‌ನ ಮತ್ತು ಆಯೋಜಕರ ನಂಬರ್, ನಿಮ್ಮ ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಬರ್ಶೈಣಿ ಬಿಟ್ಟ ಮೇಲೆ ಫೋನ್ ಸಿಗದ ದಿನಗಳು ಎಷ್ಟು, ಮುದ್ ಮುಟ್ಟಬೇಕಾದ ತಾರೀಕು ಯಾವುದು. ಆ ತಾರೀಕು ಕಳೆದು ಎಷ್ಟು ದಿನ ಕಾಯಬೇಕು ಎಂಬುದನ್ನು ನೀವೇ ಬರೆದಿಡಿ, ಅದನ್ನು ನಿರ್ಧರಿಸುವ ಭಾರ ಅವರ ಮೇಲೆ ಬೀಳಬಾರದು. ಅದರ ಕೆಳಗೆ ಕುಲ್ಲು ಮತ್ತು ಲಾಹೌಲ್-ಸ್ಪಿತಿ ಜಿಲ್ಲೆಗಳ ವಿಪತ್ತು ನಿರ್ವಹಣಾ ಕೇಂದ್ರಗಳ ನಂಬರ್ ಇರಲಿ. ಜಿಲ್ಲಾ ಸಹಾಯವಾಣಿ 1077, ಕರ್ನಾಟಕದಿಂದ ಮಾಡುವಾಗ ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಬೇಕು, ಇಲ್ಲವಾದರೆ ಕರೆ ಇಲ್ಲಿನ ಜಿಲ್ಲೆಗೇ ಹೋಗುತ್ತದೆ.